ಗೋಟು ಹಾಕಿದರೆ ತಪ್ಪೇ?

ನಾಸಿಕ್‌ನಲ್ಲಿ ಕೂತು ನಾನು ಬರೆಯುವ ‘ಸಿ’ ಪ್ರೋಗ್ರಾಂ ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ ಯಂತ್ರ ಓಡಿಸುತ್ತದೆ. ಅದರಲ್ಲಿ ‘ಗೋಟು’ (ನಮ್ಮ ಗೋಟಡಿಕೆಯಲ್ಲ, ಇನ್ನೊಂದು ಸಾಲಿಗೆ ಜಿಗಿಸುವ ಆಜ್ಞೆ) ಕಂಡರೆ ಹೊಸ ಹುಡುಗರು ಬೆಚ್ಚುತ್ತಾರೆ. 1968ರಲ್ಲಿ ಡೈಕ್‌ಸ್ಟ್ರಾ ಅದನ್ನು ಖಂಡಿಸಿದ್ದು ನಿಜ; 1974ರಲ್ಲಿ ಕನೂತ್ ಅದು ಸಲ್ಲುವ ಕಡೆಗಳನ್ನೂ ತೋರಿಸಿದರು.

ಮೆಮೊರಿ ಪಡೆದು, ಪೋರ್ಟ್ ತೆರೆದು, ಲಾಕ್ ಹಿಡಿದ ಮೇಲೆ ಕೆಲಸ ಕೆಟ್ಟರೆ ಎಲ್ಲವನ್ನೂ ಬಿಡಬೇಕು. ಬಿಡುವ ಸಾಲುಗಳನ್ನು ಪ್ರತಿ ‘ಇಫ್’ನಲ್ಲೂ ಬರೆಯಹೋದರೆ ಎಲ್ಲೋ ಒಂದು ತಪ್ಪಿಹೋಗುತ್ತದೆ, ಬಿಡದ ಲಾಕ್ ಯಂತ್ರವನ್ನೇ ನಿಲ್ಲಿಸೀತು. ಕೊನೆಯಲ್ಲಿ ಒಮ್ಮೆ ಬರೆದು ಅಲ್ಲಿಗೆ ಗೋಟು ಹಾಕುವುದೇ ಲೇಸು. ಲಿನಕ್ಸ್ ಕರ್ನಲ್‌ನಲ್ಲೂ ಇದೇ ರೂಢಿ.

ವಾಹನೋದ್ಯಮದ ‘ಮಿಸ್ರಾ ಸಿ’ 2004ರಲ್ಲಿ ಗೋಟು ನಿಷೇಧಿಸಿತ್ತು. 2012ರಲ್ಲಿ ಅದನ್ನು ಸಲಹೆಗಿಳಿಸಿ, ಜಿಗಿದರೆ ಮುಂದಕ್ಕೇ ಜಿಗಿಯಬೇಕೆಂದಿತು. ಹಿಂದಕ್ಕೆ ಜಿಗಿಯುವುದನ್ನು ನಾನೂ ಒಪ್ಪುವುದಿಲ್ಲ. ಅದಕ್ಕೆ ಲೂಪ್ ಇದೆಯಲ್ಲ!