ಚದುರಿದ ದ್ವೀಪಗಳಿಗೊಂದು ವಿಶ್ವವಿದ್ಯಾಲಯ

ಮಾಲ್ಡೀವ್ಸ್‌ಗೆ ತನ್ನದೇ ಆದ ವಿಶ್ವವಿದ್ಯಾಲಯ ದೊರೆತದ್ದು 2011ರ ಫೆಬ್ರವರಿಯಲ್ಲಿ, ಸ್ವಾತಂತ್ರ್ಯ ಬಂದು 45 ವರ್ಷ ಕಳೆದ ಮೇಲೆ. ಈ ವಿಳಂಬಕ್ಕೆ ಬಡತನವೊಂದೇ ಕಾರಣವಲ್ಲ, ಭೂಗೋಳವೂ ಕಾರಣ. ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರ್‌ಗೂ ಹೆಚ್ಚು ಉದ್ದಕ್ಕೆ ಚೆಲ್ಲಿಕೊಂಡಿರುವ ಸುಮಾರು 1,200 ಹವಳದ್ವೀಪಗಳ ಪೈಕಿ ಜನವಸತಿ ಇರುವವು ಇನ್ನೂರಕ್ಕೂ ಕಡಿಮೆ. ಎಲ್ಲ ದ್ವೀಪಗಳ ನೆಲ ಸೇರಿಸಿದರೂ ಸುಮಾರು 300 ಚದರ ಕಿಲೋಮೀಟರ್ ಅಷ್ಟೆ. 2022ರ ಜನಗಣತಿಯ ಪ್ರಕಾರ ನಿವಾಸಿಗಳ ಸಂಖ್ಯೆ ಐದು ಲಕ್ಷ ಮೀರಿದೆ. ಅವರಲ್ಲಿ ಮಾಲ್ಡೀವ್ಸ್ ಪ್ರಜೆಗಳು ನಾಲ್ಕು ಲಕ್ಷಕ್ಕೂ ಕಡಿಮೆ. ಇಷ್ಟು ಜನ, ಅದೂ ಹೀಗೆ ಚದುರಿರುವಲ್ಲಿ ಉನ್ನತ ಶಿಕ್ಷಣ ಕಟ್ಟುವುದು ಹೇಗೆ?

ರಾಜಧಾನಿ ಮಾಲೆಯಲ್ಲಿ ಮಜೀದಿಯಾ ಶಾಲೆ ಶುರುವಾದದ್ದು 1927ರಲ್ಲಿ. 1960ರ ದಶಕದಲ್ಲಿ ಮಾಲೆಯ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ಬಂತು, ಮಕ್ಕಳು ಬ್ರಿಟಿಷ್ ಪಠ್ಯಕ್ರಮದ ಪರೀಕ್ಷೆಗೆ ಕೂರತೊಡಗಿದರು. ಅಲ್ಲಿಂದ ಮುಂದೆ ಓದಬೇಕೆಂದರೆ ದೇಶ ಬಿಡಲೇಬೇಕಿತ್ತು. ಧಾರ್ಮಿಕ ಶಿಕ್ಷಣಕ್ಕೆ ಕೈರೋ, ಉಳಿದದ್ದಕ್ಕೆ ಕೊಲಂಬೊ, ಭಾರತ, ಬ್ರಿಟನ್. ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲೂ ಮಾಲ್ಡೀವ್ಸ್‌ನ ವಿದ್ಯಾರ್ಥಿಗಳು ಓದಿದ್ದಾರೆ. ವಿದ್ಯಾರ್ಥಿವೇತನ ಸಿಕ್ಕವರಿಗೆ ಅಥವಾ ಮನೆಯಲ್ಲಿ ಅನುಕೂಲವಿದ್ದವರಿಗೆ ಮಾತ್ರ ಈ ದಾರಿ ತೆರೆದಿತ್ತು.

ದೇಶದೊಳಗಿನ ಉನ್ನತ ಕಲಿಕೆ ಪದವಿಯಿಂದ ಆರಂಭವಾಗಲಿಲ್ಲ, ತುರ್ತು ಅಗತ್ಯಗಳಿಂದ ಆರಂಭವಾಯಿತು. ದ್ವೀಪಗಳಲ್ಲಿ ಆರೋಗ್ಯ ಕಾರ್ಯಕರ್ತರಿರಲಿಲ್ಲವಾದ್ದರಿಂದ 1973ರಲ್ಲಿ ಆರೋಗ್ಯ ಸೇವೆಯ ತರಬೇತಿ ಕೇಂದ್ರ, ಮರುವರ್ಷ ವೃತ್ತಿ ತರಬೇತಿ ಕೇಂದ್ರ ಹುಟ್ಟಿದವು. ಶಾಲೆಗಳು ಹೆಚ್ಚಿದಂತೆ ಶಿಕ್ಷಕರ ತರಬೇತಿ ಸಂಸ್ಥೆ ಬಂತು. 1972ರಲ್ಲಿ ಮೊದಲ ರೆಸಾರ್ಟ್ ತೆರೆದು ಪ್ರವಾಸೋದ್ಯಮ ಬೆಳೆಯತೊಡಗಿದ ಮೇಲೆ, 1987ರಲ್ಲಿ ಹೋಟೆಲ್ ಮತ್ತು ಅಡುಗೆ ಸೇವೆಗಳನ್ನು ಕಲಿಸುವ ಶಾಲೆ ಸೇರಿಕೊಂಡಿತು. ಈ ಕ್ರಮವೇ ಸರಿಯಾದದ್ದು. ಮೊದಲು ಭವ್ಯ ಕಟ್ಟಡ ಎಬ್ಬಿಸಿ ಆಮೇಲೆ ವಿದ್ಯಾರ್ಥಿಗಳನ್ನು ಹುಡುಕುವ ತಪ್ಪನ್ನು ಈ ಪುಟ್ಟ ದೇಶ ಮಾಡಲಿಲ್ಲ.

ಬೇರೆ ಬೇರೆ ಇಲಾಖೆಗಳ ಕೆಳಗಿದ್ದ ಇಂಥ ಸಂಸ್ಥೆಗಳನ್ನು 1998ರ ಅಕ್ಟೋಬರ್‌ನಲ್ಲಿ ಒಂದೇ ಸೂರಿನಡಿ ತಂದು ‘ಮಾಲ್ಡೀವ್ಸ್ ಉನ್ನತ ಶಿಕ್ಷಣ ಕಾಲೇಜು’ ರಚಿಸಲಾಯಿತು. ಸರ್ಟಿಫಿಕೇಟ್, ಡಿಪ್ಲೊಮಾಗಳಿಂದ ಮೇಲೇರಿ ಅದು ಪದವಿ ಕೋರ್ಸುಗಳನ್ನು ನಡೆಸಿತು. ಇದೇ ಕಾಲೇಜು 2011ರಲ್ಲಿ ಮಾಲ್ಡೀವ್ಸ್ ರಾಷ್ಟ್ರೀಯ ವಿಶ್ವವಿದ್ಯಾಲಯವಾಯಿತು. 2015ರಲ್ಲಿ ಇಸ್ಲಾಮಿಕ್ ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು. ಖಾಸಗಿ ವಲಯದಲ್ಲಿ 2007ರಿಂದ ನಡೆಯುತ್ತಿರುವ ವಿಲ್ಲಾ ಕಾಲೇಜು ವಿದೇಶಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಪದವಿ ನೀಡುತ್ತದೆ.

ಹೆಸರು ಬದಲಾಯಿಸುವುದು ಸುಲಭ, ದೂರ ಕಡಿಮೆ ಮಾಡುವುದು ಕಷ್ಟ. ಮಾಲೆ ಜಗತ್ತಿನ ಅತ್ಯಂತ ಕಿಕ್ಕಿರಿದ ನಗರಗಳಲ್ಲೊಂದು. ಅಲ್ಲಿ ಬಾಡಿಗೆ ಎಷ್ಟು ದುಬಾರಿಯೆಂದರೆ ದೂರದ ದ್ವೀಪದ ಮೀನುಗಾರ ತನ್ನ ಮಗಳನ್ನು ಓದಿಗೆ ಕಳಿಸಲು ಶುಲ್ಕಕ್ಕಿಂತ ಮೊದಲು ಕೋಣೆಯ ಚಿಂತೆ ಮಾಡಬೇಕು. ಕೋಣೆ ಸಿಕ್ಕರೂ ಹುಡುಗಿಯನ್ನು ಒಂಟಿಯಾಗಿ ರಾಜಧಾನಿಗೆ ಬಿಡಲು ಒಪ್ಪದ ಮನೆಗಳಿವೆ. ಆದ್ದರಿಂದ ವಿಶ್ವವಿದ್ಯಾಲಯವೇ ದ್ವೀಪಗಳತ್ತ ಹೋಗಬೇಕಾಯಿತು. ಉತ್ತರದ ಕುಳುದುಫ್ಫುಶಿ, ಲಾಮು ಸಮೂಹದ ಗನ್, ದಕ್ಷಿಣದ ತಿನದೂ ಮತ್ತು ತುತ್ತತುದಿಯ ಅಡ್ಡು ಸಮೂಹದ ಹಿತದೂ, ಈ ನಾಲ್ಕು ಕಡೆ ಪ್ರಾದೇಶಿಕ ಕ್ಯಾಂಪಸ್‌ಗಳಿವೆ. ಕ್ಯಾಂಪಸ್ ಇಲ್ಲದ ದ್ವೀಪಗಳಿಗೆ ‘ಬ್ಲಾಕ್’ ಪದ್ಧತಿ ಇದೆ: ಉಪನ್ಯಾಸಕರು ಬಂದು ಕೆಲವು ದಿನ ಸತತವಾಗಿ ಪಾಠ ಮಾಡಿ ಹಿಂತಿರುಗುತ್ತಾರೆ, ನಡುವಿನ ವಾರಗಳಲ್ಲಿ ವಿದ್ಯಾರ್ಥಿಗಳು ಆನ್‌ಲೈನ್ ಮೂಲಕ ಓದು ಮುಂದುವರಿಸುತ್ತಾರೆ. ಹಗಲು ಶಾಲೆಯಲ್ಲಿ ಪಾಠ ಹೇಳುವ ಶಿಕ್ಷಕಿ, ಮಕ್ಕಳನ್ನು ಬಿಟ್ಟು ಹೋಗಲಾಗದ ತಾಯಿ ಪದವಿ ಪಡೆಯುವುದು ಇದರಿಂದಾಗಿ ಸಾಧ್ಯವಾಗಿದೆ. ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಹುಡುಗರಿಗಿಂತ ಹುಡುಗಿಯರೇ ಹೆಚ್ಚಾಗಿರುವುದು ಸಂತೋಷದ ಸಂಗತಿ.

ಆದರೆ ಸಣ್ಣ ಸಂಖ್ಯೆಯ ಲೆಕ್ಕಾಚಾರ ಕ್ರೂರವಾದದ್ದು. ಹತ್ತು ಜನ ವಿದ್ಯಾರ್ಥಿಗಳಿರಲಿ, ನೂರು ಜನ ಇರಲಿ, ರಸಾಯನಶಾಸ್ತ್ರಕ್ಕೆ ಪ್ರಯೋಗಾಲಯ ಬೇಕು, ಗ್ರಂಥಾಲಯ ಬೇಕು, ಪಿಎಚ್‌.ಡಿ. ಮಾಡಿದ ಅಧ್ಯಾಪಕರು ಬೇಕು. ಇಂಥ ಅಧ್ಯಾಪಕರನ್ನು ಹೊರದೇಶದಿಂದ ಕರೆಸಬೇಕಾಗುತ್ತದೆ. ಅವರು ಒಪ್ಪಂದ ಮುಗಿದೊಡನೆ ಊರಿಗೆ ಮರಳುತ್ತಾರೆ, ಅವರೊಡನೆ ಅವರ ಸಂಶೋಧನೆಯೂ ಹೋಗುತ್ತದೆ. ಇದೇ ಹೊರೆಯನ್ನು ಶಾಂತಸಾಗರದ ಪುಟ್ಟ ದೇಶಗಳು ಬೇರೆ ರೀತಿಯಲ್ಲಿ ಹೊತ್ತಿವೆ. ಫಿಜಿ, ಟೋಂಗಾ, ತುವಾಲು, ಕಿರಿಬಾಟಿ ಮುಂತಾದ 12 ದೇಶ, ಪ್ರದೇಶಗಳು ಕೂಡಿ ಒಂದೇ ವಿಶ್ವವಿದ್ಯಾಲಯ ನಡೆಸುತ್ತವೆ. 1968ರಲ್ಲಿ ಆರಂಭವಾದ ಈ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕೇಂದ್ರ ಫಿಜಿಯ ಸುವಾ; ಕಾನೂನು ವನುವಾಟುವಿನಲ್ಲಿ, ಕೃಷಿ ಸಮೋವಾದಲ್ಲಿ ನೆಲೆಗೊಂಡವು. 1970ರ ದಶಕದಲ್ಲೇ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ದ್ವೀಪದಿಂದ ದ್ವೀಪಕ್ಕೆ ಪಾಠ ತಲುಪಿಸಿದ ಹಿರಿಮೆ ಅದರದು. ಮಾಲ್ಡೀವ್ಸ್‌ಗೆ ಇಂಥ ಸಮಾನ ಗಾತ್ರದ ನೆರೆಹೊರೆ ಇಲ್ಲ. ಅಕ್ಕಪಕ್ಕದ ಭಾರತ, ಶ್ರೀಲಂಕಾಗಳು ದೊಡ್ಡ ದೇಶಗಳು. ಹೀಗಾಗಿ ಹೊರೆ ಹಂಚಿಕೊಳ್ಳಲು ಜೊತೆಗಾರರಿಲ್ಲ.

2019ರಲ್ಲಿ ಸರ್ಕಾರ ಮೊದಲ ಪದವಿಯ ಬೋಧನಾ ಶುಲ್ಕವನ್ನು ತಾನೇ ಭರಿಸುವ ಯೋಜನೆ ತಂದಿತು. ಬಾಗಿಲು ಅಗಲವಾಗಿ ತೆರೆಯಿತು. ಆದರೆ ದ್ವೀಪಗಳಲ್ಲಿ ಪದವೀಧರರಿಗೆ ಕೆಲಸವೆಂದರೆ ಶಾಲೆ, ಆರೋಗ್ಯ ಕೇಂದ್ರ, ಸರ್ಕಾರಿ ಕಚೇರಿ ಇಷ್ಟೇ. ದೇಶದ ಪ್ರಧಾನ ಆದಾಯಮೂಲವಾದ ರೆಸಾರ್ಟ್‌ಗಳಲ್ಲಿ ವಿದೇಶಿ ನೌಕರರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಭಾರತದ ನೆರವಿನಿಂದ ಕಟ್ಟಿದ ಆತಿಥ್ಯ ಮತ್ತು ಪ್ರವಾಸೋದ್ಯಮ ವಿಭಾಗದ ಮೇಲೆ ಹೀಗಾಗಿ ದೊಡ್ಡ ಹೊಣೆಯಿದೆ. ಬಡಿಸುವ ಕೆಲಸಕ್ಕಷ್ಟೇ ಅಲ್ಲ, ರೆಸಾರ್ಟ್ ನಡೆಸುವ ಕೆಲಸಕ್ಕೂ ದ್ವೀಪದ ಮಕ್ಕಳನ್ನು ಅದು ಅಣಿಗೊಳಿಸಬೇಕು.

ಹೊರೆ ಇಷ್ಟು ದೊಡ್ಡದಿರುವಾಗ ಎಂಜಿನಿಯರಿಂಗ್‌ನ ಎಲ್ಲ ಶಾಖೆಗಳನ್ನೂ ಮಾಲೆಯಲ್ಲಿ ಕಲಿಸುವ ಹಟ ಬೇಕಿಲ್ಲ. ಅವನ್ನು ಹೊರಗೆ ಕಲಿತು ಬರಬಹುದು. ಆದರೆ ಬೇರೆಲ್ಲೂ ಕಲಿಯಲಾಗದ ಕೆಲವು ವಿಷಯಗಳಿವೆ. ಬಲದಿಂದ ಎಡಕ್ಕೆ ಬರೆಯುವ ತಾನಾ ಲಿಪಿಯ ದಿವೇಹಿ ಭಾಷೆ ಮತ್ತು ಸಾಹಿತ್ಯ. ಷರಿಯತ್ ಮತ್ತು ಇಂಗ್ಲಿಷ್ ಕಾನೂನು ಎರಡೂ ಬೆರೆತ ಆ ದೇಶದ ನ್ಯಾಯಪದ್ಧತಿ. ಗಾಳದಿಂದ ಒಂದೊಂದಾಗಿ ಟ್ಯೂನಾ ಹಿಡಿಯುವ ಸಾಂಪ್ರದಾಯಿಕ ಮೀನುಗಾರಿಕೆ. 1998 ಮತ್ತು 2016ರಲ್ಲಿ ಕಡಲು ಬಿಸಿಯೇರಿ ಬೆಳ್ಳಗಾದ ಹವಳ. ಉಪ್ಪುನೀರಿನ ಮೇಲೆ ತೆಳುವಾಗಿ ನಿಂತ ದ್ವೀಪಗಳ ಸಿಹಿನೀರು. ಸಮುದ್ರಮಟ್ಟದಿಂದ ಎರಡೂವರೆ ಮೀಟರ್ ಕೂಡ ಏರದ ನೆಲದಲ್ಲಿ ಇವುಗಳ ಅಧ್ಯಯನವೆಂದರೆ ಬದುಕುಳಿಯುವ ವಿದ್ಯೆ. ಹಣ, ಅಧ್ಯಾಪಕರು ಮತ್ತು ಹಡಗು ಮೊದಲು ಸಲ್ಲಬೇಕಾದದ್ದು ಈ ವಿಷಯಗಳಿಗೆ, ಅದೂ ರಾಜಧಾನಿಯಲ್ಲಷ್ಟೇ ಅಲ್ಲ, ಹಿತದೂ, ಕುಳುದುಫ್ಫುಶಿಗಳಲ್ಲೂ.