ಬೀರುವಿನ ಬೀಗ ಮತ್ತು ಬೇಸಿಗೆ ರಜೆ

1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತ ಕಲಿಸಲು ತಮಿಳು ಸೀಮೆಯ ಶೀಯಾಳಿಯಿಂದ 25 ವರ್ಷದ ತರುಣರೊಬ್ಬರು ಬಂದರು. ಹೆಸರು ಎಸ್. ಆರ್. ರಂಗನಾಥನ್. ಮುಂದೆ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿಕೊಂಡವರು. ಆಗ ಅವರಿಗೆ ಗ್ರಂಥಾಲಯದ ಗೊಡವೆಯೇ ಇರಲಿಲ್ಲ. ಲೆಕ್ಕ, ಪಾಠ, ವಿದ್ಯಾರ್ಥಿಗಳು, ಅಷ್ಟೆ. ಅದೇ ಕಾಲೇಜಿನಲ್ಲಿ ಅವರಿಗಿಂತ ಮೊದಲು ಕನ್ನಡ ಪಂಡಿತರಾಗಿದ್ದವರು ಪಂಜೆ ಮಂಗೇಶರಾಯರು. 1921ರಲ್ಲಿ ಪಂಜೆಯವರು ಗೆಳೆಯರನ್ನು ಕಟ್ಟಿಕೊಂಡು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಆರಂಭಿಸಿದರು. ಮಗುವಿಗೆ ಪುಸ್ತಕ ಬರೆದುಕೊಡಬೇಕು ಎಂದು ಹೊರಟವರೊಬ್ಬರು, ಬರೆದ ಪುಸ್ತಕ ಓದುವವರ ಕೈಗೆ ಹೋಗಲೇಬೇಕು ಎಂದು ಮುಂದೆ ಜೀವನವಿಡೀ ಹಟ ಹಿಡಿದವರೊಬ್ಬರು. ಇಬ್ಬರ ದಾರಿಯೂ ಒಂದೇ ಊರನ್ನು, ಒಂದೇ ಕಾಲೇಜನ್ನು ಹಾದು ಹೋಗಿದೆ. ಕನ್ನಡದ ಮಕ್ಕಳ ಓದಿನ ಕಥೆ ಹೇಳಲು ಹೊರಟರೆ ನನಗೆ ಮೊದಲು ನೆನಪಾಗುವುದು ಇದೇ.

ಪಂಜೆಯವರು ಶಾಲಾ ಇನ್‌ಸ್ಪೆಕ್ಟರೂ ಆಗಿದ್ದರು. ಆ ಕಾಲದಲ್ಲಿ ಇನ್‌ಸ್ಪೆಕ್ಟರು ಬರುತ್ತಾರೆಂದರೆ ಮೇಷ್ಟ್ರಿಗೇ ನಡುಕ, ಇನ್ನು ಮಕ್ಕಳ ಪಾಡೇನು? ಪಂಜೆಯವರಾದರೋ ತರಗತಿಗೆ ಬಂದು ಹಾಡುತ್ತಿದ್ದರು, ಕಥೆ ಹೇಳುತ್ತಿದ್ದರು. ‘ಗುಡುಗುಡು ಗುಮ್ಮಟ ದೇವರು’, ‘ಇಲಿಗಳ ಥಕಥೈ’ ಇವೆಲ್ಲ ಮಗುವಿನ ಕಿವಿಯನ್ನು ಬಲ್ಲವರು ಮಾತ್ರ ಇಡಬಲ್ಲ ಹೆಸರುಗಳು. ಮಕ್ಕಳ ಪುಸ್ತಕ ಎಂದರೆ ನೀತಿಪಾಠ ಎಂದೇ ನಂಬಿದ್ದ ದಿನಗಳಲ್ಲಿ ಅವರು ಲಯವನ್ನು ಮುಂದಿಟ್ಟರು. ಓದಲು ಕಲಿಯುತ್ತಿರುವ ಮಗುವನ್ನು ಹತ್ತಿರದಿಂದ ನೋಡಿದವರಿಗೆ ಇದರ ಬೆಲೆ ಗೊತ್ತು. ಮಗು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಾ ಹೋಗುತ್ತದೆ. ಒತ್ತಕ್ಷರ ಬಂದ ಕಡೆ ಬೆರಳು ನಿಲ್ಲುತ್ತದೆ, ತುಟಿ ಮಾತ್ರ ಅಲುಗುತ್ತದೆ, ಕಣ್ಣು ಮೇಲೆತ್ತಿ ನಮ್ಮ ಮುಖ ನೋಡುತ್ತದೆ. ಮುಂದಿನ ಪದ ಏನಿರಬಹುದೆಂದು ಕಿವಿಗೆ ಮೊದಲೇ ಗೊತ್ತಿದ್ದರೆ ಬೆರಳು ತಾನಾಗಿ ಮುಂದೆ ಸರಿಯುತ್ತದೆ. ಪಂಜೆಯವರ ಪದ್ಯ ಮಾಡುತ್ತಿದ್ದ ಕೆಲಸ ಇದು.

ರಂಗನಾಥನ್ ಅವರ ದಾರಿ ಬೇರೆ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರಿಗೆ ಆ ಕೆಲಸ ಸೆರೆವಾಸವೆನಿಸಿತು; ಪಾಠಕ್ಕೆ ಹಿಂತಿರುಗುತ್ತೇನೆ ಎಂದು ಕೇಳಿಕೊಂಡರು. ತರಬೇತಿಗೆಂದು ಲಂಡನ್ನಿಗೆ ಹೋದ ಮೇಲೆ ಮನಸ್ಸು ಬದಲಾಯಿತು. ಅಲ್ಲಿನ ಸೆಲ್‌ಫ್ರಿಜ್ ಅಂಗಡಿಯಲ್ಲಿ ಮೆಕ್ಯಾನೊ ಎಂಬ ಮಕ್ಕಳ ಆಟಿಕೆ ಕಂಡರು. ಅದೇ ಪಟ್ಟಿ, ಅದೇ ತಿರುಪು. ಜೋಡಿಸುವ ರೀತಿ ಬದಲಾದರೆ ಹೊಸ ಆಟಿಕೆ. ಪುಸ್ತಕಗಳನ್ನು ವಿಂಗಡಿಸುವ ಅವರ ಕೋಲನ್ ವರ್ಗೀಕರಣ ಹೊಳೆದದ್ದು ಅಲ್ಲಿಂದ. ಪಂಡಿತರ ಗ್ರಂಥಾಲಯಗಳ ಒಂದು ದೊಡ್ಡ ವ್ಯವಸ್ಥೆಗೆ ಮೂಲ ಮಕ್ಕಳ ಆಟಿಕೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

1931ರಲ್ಲಿ ಅವರ ‘ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು’ ಪ್ರಕಟವಾಯಿತು. ಮೊದಲ ಸೂತ್ರದ ತಾತ್ಪರ್ಯ ಇಷ್ಟೇ: ಪುಸ್ತಕ ಇರುವುದು ಬಳಸಲಿಕ್ಕೆ. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಮೇಜಿಗೆ ಬಿಗಿದಿಡುತ್ತಿದ್ದ ಕಾಲದಿಂದ ಅವರು ಈ ಸೂತ್ರದ ವಿವರಣೆ ಆರಂಭಿಸುತ್ತಾರೆ. ಅದೇ ವರ್ಷ ಅಕ್ಟೋಬರಿನಲ್ಲಿ ಮನ್ನಾರ್‌ಗುಡಿಯ ಬಳಿ ಎತ್ತಿನ ಗಾಡಿಯ ಗ್ರಂಥಾಲಯವೊಂದನ್ನು ಉದ್ಘಾಟಿಸಿದರು. ಗಾಡಿ ಹಳ್ಳಿಯಿಂದ ಹಳ್ಳಿಗೆ ಪುಸ್ತಕ ಹೊತ್ತು ಹೋಯಿತು. ಓದುಗ ಬರಲಿ ಎಂದು ಕಾಯದೆ ಪುಸ್ತಕವೇ ಎದ್ದು ಹೊರಟ ಆ ಗಾಡಿಯ ಬಗ್ಗೆ ಓದಿದಾಗಲೆಲ್ಲ ನಮ್ಮ ಶಾಲೆಗಳ ಬೀರು ನೆನಪಾಗಿ ಸಂಕಟವಾಗುತ್ತದೆ.

ನಾನು ಓದಿದ ಶಾಲೆಯಲ್ಲೂ ಒಂದು ಬೀರು ಇತ್ತು. ಬೂದು ಬಣ್ಣದ ಕಬ್ಬಿಣದ ಬೀರು, ಹೆಡ್‌ಮೇಷ್ಟ್ರ ಕೋಣೆಯಲ್ಲಿ. ಒಳಗೆ ಮಕ್ಕಳ ಪುಸ್ತಕಗಳಿದ್ದವು ಎಂಬುದು ನಮಗೆಲ್ಲ ಗೊತ್ತಿತ್ತು. ತಪಾಸಣೆಯ ದಿನ ಮಾತ್ರ ಬಾಗಿಲು ತೆರೆಯುತ್ತಿತ್ತು. ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿ, ದಾಸ್ತಾನು ವಹಿಗೆ ತಾಳೆ ನೋಡಿ, ಸಂಜೆಗೆ ಮತ್ತೆ ಒಳಗೆ. ಮೇಷ್ಟ್ರು ಕೆಟ್ಟವರಾಗಿರಲಿಲ್ಲ. ಒಂದು ಪುಸ್ತಕ ಕಡಿಮೆಯಾದರೆ ತಮ್ಮ ಸಂಬಳದಿಂದ ಕಟ್ಟಬೇಕಾದೀತೆಂಬ ಭಯ ಅವರಿಗೆ. ಎಷ್ಟು ಮಕ್ಕಳು ಓದಿದರು ಎಂದು ಯಾವ ತಪಾಸಣೆಯಲ್ಲೂ ಯಾರೂ ಕೇಳಲಿಲ್ಲ. ಎಷ್ಟು ಪುಸ್ತಕ ಉಳಿದಿವೆ ಎಂದಷ್ಟೇ ಕೇಳಿದರು. ಇಂದಿಗೂ ಎಷ್ಟೋ ಶಾಲೆಗಳಲ್ಲಿ ಇದೇ ನಡೆಯುತ್ತಿದೆ ಎಂಬುದು ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ.

ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳನ್ನು ತೆಗೆದು ನೋಡಿ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ತೆಗೆದ ಪ್ರತಿ 1,000 ಪುಸ್ತಕಗಳಿಗೆ 5 ಪುಸ್ತಕ ಕಳೆದರೆ, ಅದಕ್ಕೆ ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಕಾರಣವಲ್ಲದಿದ್ದರೆ, ಆ ನಷ್ಟ ಸಹಜ ಎಂದು ಅಲ್ಲಿ ಬರೆದಿದೆ. ಪುಸ್ತಕ ಓಡಾಡಿದರೆ ಒಂದಿಷ್ಟು ಸವೆಯುತ್ತದೆ, ಒಂದಿಷ್ಟು ಕಳೆಯುತ್ತದೆ ಎಂದು ಹಣಕಾಸಿನ ಮಂದಿಯೇ ಒಪ್ಪಿದ್ದಾರೆ. ಅದು ಕೇಂದ್ರದ ಕಚೇರಿ, ಸಂಸ್ಥೆಗಳ ಮಾತು ನಿಜ. ಆದರೂ ಆ ತಿಳಿವಳಿಕೆ ಹಳ್ಳಿಯ ಹೆಡ್‌ಮೇಷ್ಟ್ರವರೆಗೆ ಇಳಿದು ಬಂದಿದ್ದರೆ ಎಷ್ಟು ಬೀರುಗಳ ಬೀಗ ಕಳಚುತ್ತಿತ್ತೋ.

ಆ ಎತ್ತಿನ ಗಾಡಿಗೂ ಮುಂದೆ ಬಂದ ಗ್ರಂಥಾಲಯ ಕಾಯ್ದೆಗಳಿಗೂ ನಡುವಿನ ವರ್ಷಗಳಲ್ಲಿ ಮಕ್ಕಳ ಓದಿಗಾಗಿ ಕೆಲಸ ಮಾಡಿದವರು ಹೆಚ್ಚಾಗಿ ಸರ್ಕಾರದ ಹೊರಗಿನವರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಂದಿಗೆ ಪ್ರಯೋಗಕ್ಕಿಳಿದರು. 1936ರಲ್ಲಿ ಅವರ ‘ಬಾಲಪ್ರಪಂಚ’ ಮೂರು ಸಂಪುಟಗಳಲ್ಲಿ ಬಂತು. ಜಿ. ಪಿ. ರಾಜರತ್ನಂ ಮಕ್ಕಳ ಪದ್ಯಗಳ ‘ತುತ್ತೂರಿ’ ಕೊಟ್ಟರು. ಬೆಂಗಳೂರಿನಲ್ಲಿ ‘ಸರಸ್ವತಿ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟ ಕಟ್ಟಿದರು. ಬಾಲ್ಯದಲ್ಲೇ ವಿಧವೆಯಾದ ಹೆಣ್ಣುಮಗಳೊಬ್ಬಳು ಊರ ಮಕ್ಕಳಿಗೆಲ್ಲ ಒಂದು ಜಾಗ ಮಾಡಿಕೊಟ್ಟದ್ದು ಅದು. ಚಾಮರಾಜಪೇಟೆಯಲ್ಲಿ ಆ ಹೆಸರು ಇಂದಿಗೂ ಉಳಿದಿದೆ.

ಆಮೇಲೆ ಗ್ರಂಥಾಲಯ ಕಾಯ್ದೆಗಳ ಕಾಲ. ರಂಗನಾಥನ್ ಅವರ ಬೆನ್ನುಬಿಡದ ಪ್ರಯತ್ನದಿಂದ ಮದ್ರಾಸಿನ ಕಾಯ್ದೆ 1948ರಲ್ಲಿ, ನಮ್ಮದು 1965ರಲ್ಲಿ ಬಂತು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿತು. ಅದನ್ನು ವಸೂಲು ಮಾಡಿದ ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ಕೊಡದೆ ಉಳಿಸಿಕೊಂಡ ಬಾಕಿಯ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಬೆಂಗಳೂರಿನಲ್ಲೇ ನೆಲೆಸಿದ್ದ ರಂಗನಾಥನ್ 1972ರಲ್ಲಿ ಇಲ್ಲೇ ತೀರಿಕೊಂಡರು. ಹಳ್ಳಿಗಳ ಗ್ರಂಥಾಲಯ ಎಂದರೆ ಆ ಹೊತ್ತಿಗೂ, ಆಮೇಲೆ ಬಹುಕಾಲವೂ, ಬೆಳಿಗ್ಗೆ ಪೇಪರು ಓದಲು ಹಿರಿಯರು ಬಂದು ಕೂರುವ ಕೋಣೆ. ಮಕ್ಕಳು ಬಾಗಿಲಲ್ಲಿ ನಿಂತರೆ ‘ಗಲಾಟೆ ಮಾಡಬೇಡ, ಹೋಗು’ ಎಂಬ ಮಾತು.

ಶಾಲೆಯ ಒಳಗಿನಿಂದಲೇ ಗೋಡೆ ಒಡೆದವರೂ ಇದ್ದಾರೆ. 1995ರಲ್ಲಿ ಎಚ್. ಡಿ. ಕೋಟೆಯ ಶಿಕ್ಷಕರು ಋಷಿ ವ್ಯಾಲಿ ಶಾಲೆಯ ಕಲಿಕೆಯ ವಿಧಾನ ನೋಡಿ ಬಂದು ನಲಿ-ಕಲಿ ಪದ್ಧತಿ ರೂಪಿಸಿದರು. ಮಗುವಿನ ಎತ್ತರಕ್ಕೆ ಗೋಡೆಯುದ್ದಕ್ಕೂ ಕಪ್ಪುಹಲಗೆ, ತಲೆಯ ಮೇಲೆ ದಾರದ ಚಪ್ಪರ, ಚಪ್ಪರದಲ್ಲಿ ಮಕ್ಕಳೇ ಮಾಡಿದ ಚಿತ್ರ, ಬರಹ. ಮುಂದೆ ಎಷ್ಟೋ ಶಾಲೆಗಳಲ್ಲಿ ಅಂಥದೇ ದಾರ ಕಟ್ಟಿ ಕಥೆ ಪುಸ್ತಕಗಳನ್ನು ನೇತುಹಾಕಿದರು. ಹಾಗೆ ನೇತುಹಾಕಿದ ಪುಸ್ತಕ ಬೇಗ ಹರಿಯುತ್ತದೆ. ಹರಿದ ಪುಸ್ತಕಕ್ಕೆ ಅಂಟು ಹಚ್ಚುವ ಮೇಷ್ಟ್ರು, ಮೇಡಮ್ಮುಗಳ ಬಗ್ಗೆ ನನಗೆ ಅಪಾರ ಗೌರವ.

ಇದೆಲ್ಲಕ್ಕಿಂತ ದೊಡ್ಡ ತಿರುವು ಬಂದದ್ದು ಅನಿರೀಕ್ಷಿತವಾಗಿ. 2019ರಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷ ಕೊರೊನಾ. ಶಾಲೆಗೆ ಬೀಗ, ಮಕ್ಕಳಿಗಾಗಿ ವಠಾರಗಳಲ್ಲಿ ನಡೆಯುತ್ತಿದ್ದ ವಿದ್ಯಾಗಮದ ಪಾಠವೂ ಅಕ್ಟೋಬರಿನಲ್ಲಿ ನಿಂತಿತು. ಒಂದನೇ, ಎರಡನೇ ತರಗತಿಯಲ್ಲಿ ಆಗತಾನೇ ಅಕ್ಷರ ಕೂಡಿಸಲು ಕಲಿತಿದ್ದ ಮಕ್ಕಳು ಅದನ್ನೂ ಮರೆಯತೊಡಗಿದರು. ಆ ನವೆಂಬರಿನಲ್ಲಿ, ಮಕ್ಕಳ ದಿನಾಚರಣೆಯ ಹೊತ್ತಿಗೆ, ‘ಓದುವ ಬೆಳಕು’ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ.

ಮಕ್ಕಳೇನೋ ಬಂದರು, ಅವರಿಗೆ ಬೇಕಾದ ಪುಸ್ತಕ ಸಾಲಲಿಲ್ಲ. ಆಗ ಹುಟ್ಟಿದ್ದು ಪುಸ್ತಕ ಜೋಳಿಗೆ. ಅಧಿಕಾರಿಗಳು, ಪಂಚಾಯಿತಿಯವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ಪುಸ್ತಕದ ಭಿಕ್ಷೆ ಬೇಡಿದರು. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಕೇಳಿದ ನಾಡು ಇದು. ಜೋಳಿಗೆ ಬಾಗಿಲಿಗೆ ಬಂದರೆ ಬರಿಗೈಲಿ ಕಳಿಸಲು ನಮ್ಮವರಿಗೆ ಮನಸ್ಸಾಗುವುದಿಲ್ಲ. ಅಟ್ಟದ ಮೇಲಿದ್ದ ಹಳೆಯ ಪುಸ್ತಕಗಳು ಕೆಳಗಿಳಿದು ಬಂದವು. ಲಕ್ಷಗಟ್ಟಲೆ ಮಕ್ಕಳು ಸದಸ್ಯರಾದರು. ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರೂ ಸೇರಿದೆ. ಗೋಡೆಗೆ ಚಿತ್ರ, ನೆಲಕ್ಕೆ ಜಮಖಾನ, ಬೇಸಿಗೆಯಲ್ಲಿ ಶಿಬಿರ. ಕಥೆ ಹೇಳುವುದು, ಗಟ್ಟಿಯಾಗಿ ಓದುವುದು, ಕಾಗದ ಮಡಿಸುವುದು ಎಲ್ಲವೂ ನಡೆಯುತ್ತಿದೆ.

ಇದನ್ನೆಲ್ಲ ಹೆಗಲ ಮೇಲೆ ಹೊತ್ತವರು ಗ್ರಂಥಾಲಯ ಮೇಲ್ವಿಚಾರಕರು. ವರ್ಷಗಟ್ಟಲೆ ಚಿಲ್ಲರೆ ಗೌರವಧನಕ್ಕೆ ದುಡಿದು, ಕನಿಷ್ಠ ವೇತನಕ್ಕಾಗಿ ಹೋರಾಡಬೇಕಾಗಿ ಬಂದವರು. ಮಕ್ಕಳ ಹೆಸರು, ಅವರ ಅಣ್ಣ ಅಕ್ಕಂದಿರ ಹೆಸರು, ಯಾವ ಮಗು ಯಾವ ಪುಸ್ತಕದ ಎಷ್ಟನೇ ಪುಟದಲ್ಲಿ ನಿಂತಿದೆ ಎಂಬುದೆಲ್ಲ ಬಾಯಿಪಾಠವಾಗಿರುವ ಮೇಲ್ವಿಚಾರಕರನ್ನು ನಾನು ಕಂಡಿದ್ದೇನೆ. ಶಿಬಿರದ ಚಿತ್ರಗಳಲ್ಲಿ ಅವರು ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿರುತ್ತಾರೆ.

ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗಳು ಮುಚ್ಚುತ್ತವೆ, ಮೇ ಕೊನೆಗೆ ತೆರೆಯುತ್ತವೆ. ಪಂಚಾಯಿತಿ ಗ್ರಂಥಾಲಯ ಮಾತ್ರ ಆಗಲೂ ತೆರೆದಿರುತ್ತದೆ. ಶಾಲೆಯ ಪುಸ್ತಕಗಳನ್ನು ಆ ಒಂದೂವರೆ ತಿಂಗಳು ಅಲ್ಲಿಗೆ ಎರವಲು ಕೊಡಬಹುದು. ಒಂದು ಪಟ್ಟಿ, ಹೆಡ್‌ಮೇಷ್ಟ್ರದೊಂದು ಸಹಿ, ಮೇಲ್ವಿಚಾರಕರದೊಂದು ಸಹಿ. ಕಳೆದುಹೋದ ಪುಸ್ತಕಕ್ಕೆ ಇಬ್ಬರಲ್ಲಿ ಯಾರ ಸಂಬಳಕ್ಕೂ ಕೈ ಹಾಕುವುದಿಲ್ಲ ಎಂದು ಶಿಕ್ಷಣ, ಗ್ರಾಮೀಣಾಭಿವೃದ್ಧಿ ಎರಡೂ ಇಲಾಖೆಗಳು ಸೇರಿ ಒಂದು ಸುತ್ತೋಲೆ ಹೊರಡಿಸಬೇಕು. ಮಾರ್ಚ್ ಮುಗಿಯುವುದರೊಳಗೆ ಹೊರಡಿಸಿದರೆ ಬರುವ ರಜೆಗೇ ಸಿಗುತ್ತದೆ.