ಬಟವಾಡೆ ತಪ್ಪಿದ ತಿಂಗಳು

ಹತ್ತಿ ಗಿರಣಿಗಳ ಕಾಲದಲ್ಲಿ ಬಟವಾಡೆಯ ದಿನ ಗೇಟಿನ ಹೊರಗೆ ಸಣ್ಣ ಸಂತೆಯೇ ನೆರೆಯುತ್ತಿತ್ತು. ಸೀರೆ ಮಾರುವವನು, ಕಡಲೆಪುರಿಯವನು, ಬಡ್ಡಿ ವಸೂಲಿಗೆ ಬಂದವನು, ಎಲ್ಲರೂ ಅಲ್ಲೇ. ಸಂಬಳ ತಡವಾದರೆ ಇಡೀ ಸಂತೆಗೆ ಗೊತ್ತಾಗುತ್ತಿತ್ತು. ಈಗ ಬಟವಾಡೆ ಎಂದರೆ ಮೊಬೈಲಿಗೆ ಬರುವ ಒಂದು ಮೆಸೇಜು. ಅದು ಬಾರದ ದಿನ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೂತು ಫೋನ್ ನೋಡಿಕೊಳ್ಳುತ್ತಾರೆ. ನಿಮಗೆ ಬಂತಾ ಎಂದು ಪಕ್ಕದವರನ್ನು ಕೇಳಲೂ ಸಂಕೋಚ.

ಸಂಬಳ ಏಕಾಏಕಿ ನಿಲ್ಲುವುದು ಕಡಿಮೆ. ಮೊದಲು ಏಳನೇ ತಾರೀಖು ಹನ್ನೆರಡಾಗುತ್ತದೆ. ಆಮೇಲೆ ‘ಪಾರ್ಟಿ ಪೇಮೆಂಟ್ ಬಂದಿಲ್ಲ, ಸೋಮವಾರ ನೋಡೋಣ’ ಎಂಬ ಮಾತು. ಮೂರನೇ ತಿಂಗಳು ಅರ್ಧ ಸಂಬಳ, ಉಳಿದದ್ದು ‘ಹಬ್ಬಕ್ಕೆ ಒಟ್ಟಿಗೆ’. ಅಷ್ಟು ಹೊತ್ತಿಗೆ ಕೆಲಸಗಾರ ಸಿಕ್ಕಿಬಿದ್ದಿರುತ್ತಾನೆ. ಬಿಟ್ಟುಹೋದರೆ ಬಾಕಿ ಮುಳುಗೀತು ಎಂಬ ಭಯ. ಇದ್ದರೆ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ಇದನ್ನು ನಾವು ‘ಅಡ್ಜಸ್ಟ್ ಮಾಡ್ಕೊಳ್ಳೋದು’ ಎನ್ನುತ್ತೇವೆ. ಲೆಕ್ಕ ಹಾಕಿ ನೋಡಿದರೆ ಇದು ಆಳು ಧಣಿಗೆ ಕೊಟ್ಟ ಕೈಸಾಲ. ಬಡ್ಡಿಯೂ ಇಲ್ಲ, ಪತ್ರವೂ ಇಲ್ಲ. ಬಡ್ಡಿ ಹೋಗಲಿ, ಪತ್ರವನ್ನಾದರೂ ಮಾಡಿಕೊಳ್ಳಿ ಎನ್ನುವುದಕ್ಕೇ ಈ ಅಧ್ಯಾಯ.

ಸಂಬಳದ ದಿನ ಧಣಿಯ ಮರ್ಜಿಗೆ ಬಿಟ್ಟದ್ದಲ್ಲ. 1936ರ ವೇತನ ಪಾವತಿ ಕಾಯ್ದೆಯ ಪ್ರಕಾರ ಸಾವಿರಕ್ಕಿಂತ ಕಡಿಮೆ ಜನರಿರುವ ಕಡೆ ಏಳು ದಿನದೊಳಗೆ, ಹೆಚ್ಚಿರುವ ಕಡೆ ಹತ್ತು ದಿನದೊಳಗೆ ಸಂಬಳ ಆಗಬೇಕಿತ್ತು. ಆದರೆ ತಿಂಗಳಿಗೆ 24,000 ರೂಪಾಯಿಗಿಂತ ಹೆಚ್ಚು ದುಡಿಯುವವರು ಆ ಕಾಯ್ದೆಯ ನೆರಳಿನಿಂದ ಹೊರಗಿದ್ದರು. 2019ರಲ್ಲಿ ಸಂಸತ್ತು ಒಪ್ಪಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಆ ಮಿತಿ ಇಲ್ಲ. ದಿನಗೂಲಿಯವರಿಗೆ ಪಾಳಿ ಮುಗಿದಾಗಲೇ, ವಾರದ ಬಟವಾಡೆಯವರಿಗೆ ವಾರದ ರಜೆಗೆ ಮೊದಲು, ತಿಂಗಳ ಸಂಬಳದವರಿಗೆ ಮರುತಿಂಗಳ ಏಳನೇ ತಾರೀಖಿನೊಳಗೆ ಹಣ ಕೈಸೇರಬೇಕು. ಕೆಲಸ ಬಿಟ್ಟವರಿಗೆ, ಬಿಡಿಸಿದವರಿಗೆ ಎರಡು ಕೆಲಸದ ದಿನಗಳೊಳಗೆ. ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರಿಗೂ ಇದೇ ಗಡುವು. ‘ಲೇಬರ್ ಕಾನೂನು ನಮಗಲ್ಲ’ ಎಂದುಕೊಂಡು ಮೂರು ತಿಂಗಳು ಸುಮ್ಮನಿರುವವರಲ್ಲಿ ಕಾಲೇಜು ಓದಿದವರೇ ಹೆಚ್ಚು ಎಂಬುದು ನಾನು ಕಂಡದ್ದು.

ಇನ್ನು ಪತ್ರದ ವಿಚಾರ. ನನಗೆ ಪರಿಚಯದ ಒಬ್ಬರು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅವರ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಎರಡು ಬರಹ: ಮೇಲೆ ಹಾಲಿನ ಲೆಕ್ಕ, ಕೆಳಗೆ ‘ಓ.ಟಿ. 2’. ಸಿಲಿಂಡರ್ ಬಂದ ದಿನಕ್ಕೆ ಒಂದು ಸುತ್ತು, ಸಂಬಳ ಬಂದ ದಿನಕ್ಕೆ ಎರಡು ಸುತ್ತು. ಒಮ್ಮೆ ಓ.ಟಿ. ಲೆಕ್ಕದಲ್ಲಿ ತಕರಾರು ಬಂದಾಗ ಅವರು ಆ ಹಾಳೆಯನ್ನೇ ಹರಿದುಕೊಂಡು ಹೋಗಿ ಮೇಜಿನ ಮೇಲೆ ಹಾಸಿದರು. ಹಾಲು, ಗ್ಯಾಸು ಎಲ್ಲ ಅದರಲ್ಲೇ ಇದ್ದುದರಿಂದ, ನಿನ್ನೆ ರಾತ್ರಿ ಕೂತು ಬರೆದದ್ದು ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಸಂಬಳ ಕೊಟ್ಟಿಲ್ಲ ಎಂಬ ದೂರು ಬಂದಾಗ, ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆಯನ್ನು ಸಂಹಿತೆ ಮಾಲೀಕನ ಮೇಲೆಯೇ ಹಾಕಿದೆ. ಹಾಗಾಗಿ ಬಹಳ ಸಲ ಜಗಳ ಮತ್ತೊಂದು ಕಡೆಗೆ ತಿರುಗುತ್ತದೆ: ‘ಇವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ.’ ಆಗ ಉಪಯೋಗಕ್ಕೆ ಬರುವುದು ಗುರುತಿನ ಚೀಟಿ, ಹಿಂದಿನ ತಿಂಗಳುಗಳ ಪೇ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್, ಇ.ಎಸ್.ಐ. ಕಾರ್ಡ್, ‘ನಾಳೆ ಏಳಕ್ಕೆ ಸೈಟಿಗೆ ಬಾ’ ಎಂದು ಮೇಸ್ತ್ರಿ ಕಳಿಸಿದ ವಾಟ್ಸ್ಆ್ಯಪ್ ಧ್ವನಿ. ಸಿಟ್ಟಿನಲ್ಲಿ ಗ್ರೂಪ್ ಬಿಟ್ಟು ಎಲ್ಲ ಅಳಿಸಿಹಾಕಬೇಡಿ.

ಬಾಯಿಮಾತಿನಲ್ಲಿ ಎಷ್ಟು ಸಲ ಕೇಳಿದರೂ ಅದು ಗಾಳಿಗೆ ಹೋಯಿತು. ಒಮ್ಮೆ ಬರೆದು ಕೇಳಿ. ‘ಸರ್, ಜನವರಿ ಸಂಬಳ 18,500 ಬಂದಿಲ್ಲ. ಡಿಸೆಂಬರಿನದು 6,000 ಬಾಕಿ ಇದೆ. ಒಟ್ಟು 24,500. ಯಾವ ತಾರೀಖಿಗೆ ಹಾಕುತ್ತೀರಿ ತಿಳಿಸಿ.’ ಇಷ್ಟು ಸಾಕು. ಮನೆಯ ಕಷ್ಟ ಹೇಳಿಕೊಳ್ಳುವುದು ಬೇಡ, ಬೈಗುಳವಂತೂ ಬೇಡವೇ ಬೇಡ. ಅದಕ್ಕೆ ಅವರು ‘ಮುಂದಿನ ವಾರ ಹಾಕ್ತೀನಿ ಇರಪ್ಪ’ ಎಂದು ಉತ್ತರಿಸಿದರೆ ಸಂತೋಷಪಡಿ. ಬಾಕಿ ಇದೆ ಎಂದು ಅವರೇ ಬರೆದುಕೊಟ್ಟಂತಾಯಿತು. ನಡುವೆ ಐದು ಸಾವಿರ ಹಾಕಿದರೆ, ‘ಡಿಸೆಂಬರ್ ಬಾಕಿಗೆ 5,000 ಬಂತು, ಇನ್ನು 19,500’ ಎಂದು ಅದೇ ದಿನ ತಿಳಿಸಿ.

ಪಿ.ಎಫ್. ಇರುವವರಿಗೆ ಮುನ್ಸೂಚನೆ ಮೊದಲೇ ಸಿಗಬಹುದು. ಸಂಬಳದಿಂದ ಮುರಿದುಕೊಂಡ 12 ಶೇಕಡಾವನ್ನು ತನ್ನ ಪಾಲಿನೊಂದಿಗೆ ಮಾಲೀಕ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸ್ಲಿಪ್ಪಿನಲ್ಲಿ ಕಡಿತ ಕಾಣುತ್ತಿದ್ದು ಪಿ.ಎಫ್. ಪಾಸ್‌ಬುಕ್ ಖಾಲಿ ಇದ್ದರೆ ಕಂಪನಿಯ ಕೈ ಒಣಗಿದೆ ಎಂದೇ ಲೆಕ್ಕ. ಬೇರೆ ಕೆಲಸ ಹುಡುಕಲು ಅದೇ ಹೊತ್ತು.

ಲೆಕ್ಕವೇ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಕೋಲಾರ ಜಿಲ್ಲೆಯ ನರಸಾಪುರ ತೋರಿಸಿತು. 2020ರ ಡಿಸೆಂಬರ್ 12ರ ಬೆಳಿಗ್ಗೆ, ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದ ಕೆಲಸಗಾರರು ಗಾಜು ಒಡೆದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಕೆಲವೇ ತಿಂಗಳಲ್ಲಿ ಅಲ್ಲಿ ಆಳುಗಳ ಸಂಖ್ಯೆ ಹತ್ತು ಸಾವಿರ ದಾಟಿತ್ತು; ಬಹುಪಾಲು ಏಜೆನ್ಸಿಗಳ ಮೂಲಕ ಬಂದವರು. ಅವರ ಹಾಜರಿ ಹಿಡಿಯುವ ಯಂತ್ರ ವ್ಯವಸ್ಥೆಯೇ ಸರಿಯಿರಲಿಲ್ಲ ಎಂದು ರಾಜ್ಯದ ಕಾರ್ಖಾನೆಗಳ ಇಲಾಖೆ ತನಿಖೆಯಲ್ಲಿ ಕಂಡಿತು. ಅಕ್ಟೋಬರ್, ನವೆಂಬರಿನಲ್ಲಿ ಕೆಲವರ ಸಂಬಳ ತಡವಾಗಿತ್ತೆಂದು ಆ್ಯಪಲ್ ಹೇಳಿತು. ವಿಸ್ಟ್ರಾನ್ ಕ್ಷಮೆ ಕೇಳಿ ತನ್ನ ಉಪಾಧ್ಯಕ್ಷರೊಬ್ಬರನ್ನು ತೆಗೆದುಹಾಕಿತು. ಕಂಪನಿ ತಪ್ಪು ಒಪ್ಪಿಕೊಂಡಿತು, ನಿಜ. ಆದರೆ ಅಷ್ಟರಲ್ಲಿ ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೆ ಒಳಗಾಗಿದ್ದರು. ಅದೇ ಸಿಟ್ಟು ಎರಡು ತಿಂಗಳು ಮೊದಲೇ ನೂರು ಸಹಿಯ ಅರ್ಜಿಯಾಗಿ ಇಲಾಖೆಯ ಬಾಗಿಲಿಗೆ ಬಂದಿದ್ದರೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಏಜೆನ್ಸಿ, ಕಂಟ್ರಾಕ್ಟರ್ ಎಂಬ ನೆಪಕ್ಕೂ ಉತ್ತರವಿದೆ. ಗುತ್ತಿಗೆದಾರ ಕೈಕೊಟ್ಟರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಸಂಬಳ ಕೊಡಬೇಕು. ಹಾಗಾಗಿ ದೂರಿನಲ್ಲಿ ಇಬ್ಬರ ಹೆಸರನ್ನೂ ಬರೆಯಿರಿ.

ದೂರು ಎಲ್ಲಿ ಕೊಡಬೇಕು? ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರ ಕಚೇರಿ, ಇಲ್ಲವೇ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ. ಬೆಂಗಳೂರಿನಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಬಹುದು. ಅರ್ಜಿಯನ್ನು ನೀವೇ ಹಾಕಬಹುದು, ನೀವು ಸದಸ್ಯರಾಗಿರುವ ನೋಂದಾಯಿತ ಯೂನಿಯನ್ನೂ ಹಾಕಬಹುದು. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬನ್ನಿ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರ ದೂರು ವಿಚಾರಿಸುವ ಪ್ರಾಧಿಕಾರಕ್ಕಿದೆ. ಕಟ್ಟದಿದ್ದರೆ ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಿಸಬಹುದು. ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎಂದು ಸಂಹಿತೆ ಹೇಳುತ್ತದೆ. ‘ಯತ್ನಿಸಬೇಕು’ ಎಂಬ ಪದವನ್ನು ಗಮನಿಸಿ. ಓಡಾಟಕ್ಕೆ ಸಿದ್ಧರಾಗಿಯೇ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಕೊನೆಗೆ ಸೆಟ್ಲ್‌ಮೆಂಟ್ ದಿನದ ಮಾತು. ‘ಇಲ್ಲೊಂದು ಸೈನ್ ಹಾಕು, ದುಡ್ಡು ಸಂಜೆಗೆ ಬರುತ್ತೆ’ ಎನ್ನುತ್ತಾರೆ. ಆ ಹಾಳೆಯಲ್ಲಿ ‘ಎಲ್ಲ ಬಾಕಿ ಸಂದಾಯವಾಗಿದೆ’ ಎಂಬ ಒಂದು ಸಾಲು ಇರುತ್ತದೆ. ಹಣ ಖಾತೆಗೆ ಬೀಳುವ ತನಕ ಪೆನ್ನು ಮುಟ್ಟಬೇಡಿ. ಸಹಿ ಮಾಡಲೇಬೇಕಾದ ಪರಿಸ್ಥಿತಿ ಬಂದರೆ, ಸಹಿಯ ಪಕ್ಕದಲ್ಲಿ ‘24,500 ಬಾಕಿ ಇದೆ’ ಎಂದು ಕೈಯಾರೆ ಬರೆದು, ಫೋಟೊ ತೆಗೆದುಕೊಳ್ಳಿ. ಬಿಟ್ಟುಬಂದ ಮೇಲೂ ಬಾಕಿ ಕೇಳಲು ಮೂರು ವರ್ಷ ಕಾಲಾವಕಾಶವಿದೆ.